ಕೈ ಒಡ್ಡುತ್ತೇನೆ, ಮಾತು ಕೊಡುವುದಿಲ್ಲ: ಉಡುಪಿಯ ಒಂದು ಪ್ರಕರಣ

ಉಡುಪಿ ಹತ್ತಿರದ ಒಂದು ಹಳ್ಳಿಯ ಮೂಲಮನೆಯಲ್ಲಿ ವರ್ಷಕ್ಕೊಮ್ಮೆ ಕುಟುಂಬದ ದೈವಕ್ಕೆ ನೇಮ, ಅಂದರೆ ದೈವ ಕಟ್ಟಿದವರ ಮೈಮೇಲೆ ದೈವ ಬಂದು ನುಡಿಯುವ ಆರಾಧನೆ, ನಡೆಯುತ್ತದೆ. ಮನೆತನದ ಪರವಾಗಿ ದೈವದ ಎದುರು ನಿಂತು, ಪ್ರಸಾದವಾಗಿ ಗಂಧ ಬೂಳ್ಯ ಪಡೆದು, ಮುಂದಿನ ವರ್ಷವೂ ನಡೆಸಿಕೊಡುತ್ತೇವೆ ಎಂದು ಮಾತು ಕೊಡುತ್ತ ಬಂದವರು ಎಪ್ಪತ್ತು ದಾಟಿದ ಹಿರಿಯರೊಬ್ಬರು. ಅಳಿಯಕಟ್ಟಿನ ಮನೆಯಾದ್ದರಿಂದ ಅವರ ನಂತರ ಆ ಜಾಗ ತಂಗಿಯ ಮಗನಿಗೆ ಬರುತ್ತದೆ. ಅಳಿಯನಿಗೆ ಇಪ್ಪತ್ತಾರು ವರ್ಷ, ಮಣಿಪಾಲದಲ್ಲಿ ಉದ್ಯೋಗ. ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಕಾಣುವುದಿಲ್ಲ ಎನ್ನುವವನು. ಮಾವನಿಗೆ ಮಂಡಿನೋವು ಹೆಚ್ಚಾಗಿ ರಾತ್ರಿಯಿಡೀ ನಿಲ್ಲುವುದು ಕಷ್ಟವಾದಾಗ ‘ಈ ಸಲ ನೀನೇ ನಿಲ್ಲು’ ಎಂದರು. ಅದೇ ಹೊತ್ತಿಗೆ ಅವನು ನನ್ನ ಅಧ್ಯಯನದಲ್ಲಿ ಭಾಗವಹಿಸುತ್ತಿದ್ದ.

ಕರಾವಳಿಯ ಹದಿನೆಂಟರಿಂದ ಮೂವತ್ತು ವರ್ಷದೊಳಗಿನ ನಾಸ್ತಿಕರು, ದೇವರ ವಿಷಯ ತಿಳಿಯದು ಎನ್ನುವ ಅಜ್ಞೇಯವಾದಿಗಳು ಜಗತ್ತನ್ನು ಹೇಗೆ ಕಾಣುತ್ತಾರೆ ಎಂಬುದು ನನ್ನ ವಿಷಯ. ನಾನು ಅವರಲ್ಲೊಬ್ಬಳಲ್ಲ. ಧಾರವಾಡದ ಕಡೆಯ ಮಾಧ್ವ ಮನೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ಸಮಾಜಶಾಸ್ತ್ರ ಕಲಿಸುತ್ತ ನೆಲೆನಿಂತವಳು. ಏಕಾದಶಿ ಮಾಡುತ್ತೇನೆ. ಕೃಷ್ಣಮಠದಲ್ಲಿ ನವಗ್ರಹ ಕಿಂಡಿಯ ಮುಂದೆ ನಿಂತಾಗ ಒಳಗೆ ಅವನಿದ್ದಾನೆ ಎಂದೇ ನಿಲ್ಲುತ್ತೇನೆ. ತುಳು ನನಗೆ ಕಲಿತ ಭಾಷೆ. ಹಾಗಾಗಿ ಈ ಹುಡುಗನ ಅಪನಂಬಿಕೆಗೂ ನಾನು ಹೊರಗಿನವಳು, ಅವನ ಮನೆಯ ದೈವಕ್ಕೂ ಹೊರಗಿನವಳು. ಈ ಪ್ರಕರಣವನ್ನು ವಿವರವಾಗಿ ಬರೆಯುವುದಕ್ಕೆ ಕಾರಣ ಇದೇ: ನಂಬುವವಳೊಬ್ಬಳು ನಂಬದವರ ಬದುಕನ್ನು ಅರಿಯಲು ಹೊರಟಾಗ ಏನು ಕೇಳಬೇಕು, ಎಲ್ಲಿ ನಿಲ್ಲಬೇಕು ಎಂಬುದು ನನಗೆ ಸ್ಪಷ್ಟವಾದದ್ದು ಇಲ್ಲಿಯೇ.

ಅವನ ಹೆಸರು, ಊರು, ಬರಿ (ತಾಯಿಯ ಕಡೆಯ ವಂಶದ ಹೆಸರು), ದೈವದ ಹೆಸರು, ನೇಮದ ತಿಂಗಳು ಯಾವುದೂ ಇಲ್ಲಿಲ್ಲ. ಬೇರೆ ಕಡೆ ಹೆಸರು ಬದಲಿಸಿದರೆ ಗುರುತು ಮರೆಯಾಗಬಹುದು. ತುಳುನಾಡಿನಲ್ಲಿ ಇಂಥ ದೈವ, ಇಂಥ ಊರು ಎಂದರೆ ಸಾಕು, ಮನೆಯ ಬಾಗಿಲವರೆಗೆ ದಾರಿ ಸಿಕ್ಕಿಬಿಡುತ್ತದೆ. ಜನಾಂಗದ ಹೆಸರನ್ನೂ ಬರೆದಿಲ್ಲ. ಬಂಟರು, ಬಿಲ್ಲವರು, ಮೊಗವೀರರು, ಹೀಗೆ ಅಳಿಯಕಟ್ಟು ಇದ್ದ ಸಮುದಾಯಗಳು ಹಲವು. ಅವನು ಅವುಗಳಲ್ಲೊಂದಕ್ಕೆ ಸೇರಿದವನು.

ಇಷ್ಟು ಮುಚ್ಚಟೆ ಯಾಕೆ ಎಂದು ಕೇಳುವವರಿದ್ದಾರೆ. ಧಾರ್ಮಿಕ ಭಾವನೆಗೆ ಉದ್ದೇಶಪೂರ್ವಕವಾಗಿ ಧಕ್ಕೆ ತರುವುದು 1927ರಿಂದ ಭಾರತೀಯ ದಂಡ ಸಂಹಿತೆಯ 295ಎ ಕಲಮಿನಡಿ ಅಪರಾಧವಾಗಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು. ಮಾತಿನ ಒಂದು ತುಣುಕು ಕತ್ತರಿಸಿ ಹರಿಬಿಟ್ಟರೆ ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗನೊಬ್ಬ ಠಾಣೆ ಮೆಟ್ಟಿಲು ಹತ್ತಬೇಕಾಗಬಹುದು. ನನ್ನ ಊರಾದ ಧಾರವಾಡದಲ್ಲೇ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರನ್ನು ಮನೆಬಾಗಿಲಲ್ಲಿ ಗುಂಡಿಕ್ಕಿ ಕೊಂದರು. ಅವರು ನಾಸ್ತಿಕವಾದ ಸಾರಿದವರಲ್ಲ, ವಚನಗಳನ್ನೂ ಶಾಸನಗಳನ್ನೂ ಜೀವಮಾನವಿಡೀ ಓದಿದವರು. ಅಂಥವರಿಗೇ ಆ ಗತಿಯಾದ ನಾಡಿನಲ್ಲಿ, ‘ನಾನು ನಂಬುವುದಿಲ್ಲ’ ಎಂದು ಧ್ವನಿಮುದ್ರಿಸಿ ಹೋಗುವ ಹುಡುಗ ಹುಡುಗಿಯರ ಧೈರ್ಯ ಸಣ್ಣದಲ್ಲ. ಅವರ ಮಾತನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಬೇರೆ ರೆಕಾರ್ಡರಿನಲ್ಲಿ ಮುದ್ರಿಸಿ, ಬರಹಕ್ಕಿಳಿಸಿದ ಮೇಲೆ ಅಳಿಸುತ್ತೇನೆ. ಬರಹವನ್ನು ಅವರೇ ಓದಿ ಬೇಡವಾದದ್ದನ್ನು ಹೊಡೆದುಹಾಕಬಹುದು. ಈ ಹುಡುಗನೂ ಒಂದು ಕಡೆ ಪೆನ್ನಿನಿಂದ ಗೀಟು ಎಳೆದ. ಆ ಸಾಲು ಇಲ್ಲಿ ಬರುವುದಿಲ್ಲ.

ಮೊದಲ ಭೇಟಿಯಲ್ಲೇ ನನ್ನ ನಂಬಿಕೆಯನ್ನು ಅವನಿಗೆ ಹೇಳಿದ್ದೆ. ಎಲ್ಲರಿಗೂ ಹೇಳುತ್ತೇನೆ. ಕೆಲವು ಸಹೋದ್ಯೋಗಿಗಳಿಗೆ ಇದು ಸರಿ ಕಾಣುವುದಿಲ್ಲ. ಸಂಶೋಧಕಿ ತನ್ನ ಬಣ್ಣ ತೋರಿಸಬಾರದು ಎನ್ನುತ್ತಾರೆ. ಧರ್ಮಗಳ ಅಧ್ಯಯನದಲ್ಲಿ ನೀನಿಯನ್ ಸ್ಮಾರ್ಟ್ 1973ರಲ್ಲಿ ವಿಧಾನದ ಮಟ್ಟದ ಅಜ್ಞೇಯವಾದವನ್ನು ಮುಂದಿಟ್ಟರು: ದೇವರಿದ್ದಾನೆ ಎಂದೂ ಇಲ್ಲವೆಂದೂ ತೀರ್ಮಾನಿಸದೆ, ಎದುರಿಗಿರುವವರ ಬದುಕಿನಲ್ಲಿ ಅದು ಏನು ಮಾಡುತ್ತಿದೆ ಎಂಬುದನ್ನಷ್ಟೇ ನೋಡುವುದು. ಅಷ್ಟು ದೂರ ಹೋಗದೆ ವಿದ್ವಾಂಸರು ಶಾಸ್ತ್ರವಾದ ಮಾಡುವ ನಮ್ಮ ವಾಕ್ಯಾರ್ಥ ಸಭೆಗಳಲ್ಲೂ ಇದರ ಅರ್ಧ ಇದೆ. ಎದುರಾಳಿಯ ಪೂರ್ವಪಕ್ಷವನ್ನು ಅವನೇ ಒಪ್ಪುವಷ್ಟು ಬಲವಾಗಿ ಮೊದಲು ಮಂಡಿಸಬೇಕು, ಆಮೇಲೆ ಸಿದ್ಧಾಂತ. 14ನೇ ಶತಮಾನದಲ್ಲಿ ಮಾಧವಾಚಾರ್ಯರು ‘ಸರ್ವದರ್ಶನಸಂಗ್ರಹ’ದಲ್ಲಿ ಎಲ್ಲ ದರ್ಶನಗಳನ್ನು ಸಂಗ್ರಹಿಸಿದಾಗ ಮೊದಲ ಅಧ್ಯಾಯ ಕೊಟ್ಟದ್ದು ದೇವರನ್ನು ಒಪ್ಪದ ಚಾರ್ವಾಕರಿಗೆ. ನನ್ನ ಕೆಲಸದಲ್ಲಿ ವ್ಯತ್ಯಾಸ ಒಂದೇ. ಪೂರ್ವಪಕ್ಷವನ್ನು ಪೂರ್ತಿ ಹೇಳಿ ಅಲ್ಲಿಗೇ ನಿಲ್ಲಬೇಕು. ಸಿದ್ಧಾಂತ ನನ್ನ ಮನೆಯ ವಿಷಯ.

ನಂಬುವವಳು ಎಂದು ಹೇಳಿದ್ದರಿಂದ ಕೆಲವರು ಹಿಂದೆ ಸರಿದರು. ಉಳಿದವರು ಬಿಡಿಸಿ ಹೇಳತೊಡಗಿದರು. ತಮ್ಮವರ ನಡುವೆ ‘ಅದೇ, ನಿನಗೆ ಗೊತ್ತಲ್ಲ’ ಎಂದು ಮುಗಿಸಿಬಿಡುವ ಮಾತನ್ನು ನನಗೆ ಬೇರಿನಿಂದ ಹೇಳಬೇಕಿತ್ತು. ಇದು ಹೊರಗಿನವರಿಗೆ ಸಿಗುವ ದೊಡ್ಡ ಲಾಭ ಎಂದು ನನ್ನ ಅನುಭವ.

ಇನ್ನು ಪ್ರಶ್ನಾವಳಿಯ ಮಾತು. ‘ದೇವರ ಅಸ್ತಿತ್ವದಲ್ಲಿ ನಿಮಗೆ ಎಷ್ಟು ನಂಬಿಕೆ?’ ಎಂಬುದು ಮೊದಲ ಪ್ರಶ್ನೆ, ಎದುರಿಗೆ ಗುರುತು ಹಾಕಲು ಐದು ಮನೆ. ಪಾಶ್ಚಾತ್ಯ ದೇಶಗಳಲ್ಲಿ ಬಳಕೆಯಾಗುವ ಅಳತೆಯ ಮಾದರಿ. ಹುಡುಗ ನಡುವಿನ ಮನೆಗೆ ಗುರುತು ಹಾಕಿ, ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: ‘ಯಾವ ದೇವರು? ದೈವದ್ದು ಬೇರೆ ಕೇಳಬೇಕು.’

ಆ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2019ರ ಕೊನೆಯಿಂದ 2020ರ ಆರಂಭದವರೆಗೆ ಸುಮಾರು 30,000 ಭಾರತೀಯರನ್ನು ಮಾತಾಡಿಸಿದಾಗ ನೂರಕ್ಕೆ 97 ಮಂದಿ ದೇವರನ್ನು ನಂಬುತ್ತೇವೆ ಎಂದಿದ್ದರು. 2011ರ ಜನಗಣತಿಯಲ್ಲಿ ಧರ್ಮ ಹೇಳದವರು ದೇಶದಲ್ಲಿ ಹೆಚ್ಚುಕಡಿಮೆ 29 ಲಕ್ಷ, ನಾಸ್ತಿಕರೆಂದು ಬರೆಸಿದವರು 33,000 ಚಿಲ್ಲರೆ. ಆ ಗಣತಿಯ ಹೊತ್ತಿಗೆ ಈ ಹುಡುಗ ಪ್ರಾಥಮಿಕ ಶಾಲೆಯಲ್ಲಿದ್ದ. ಗಣತಿದಾರರಿಗೆ ಚಾವಡಿಯಲ್ಲಿ ಕೂತು ಉತ್ತರ ಹೇಳಿದವರು ಮಾವ. ಮುಂದಿನ ಗಣತಿಯಲ್ಲೂ ಮಾವನೇ ಹೇಳುತ್ತಾರೆ, ತಾನು ತಿದ್ದುವುದಿಲ್ಲ ಎಂದು ಅವನೆಂದ. ನಮ್ಮಲ್ಲಿ ಅಪನಂಬಿಕೆ ಅಂಕಿಗೆ ಸಿಗದಿರುವುದಕ್ಕೆ ಹೆದರಿಕೆಯೊಂದೇ ಕಾರಣವಲ್ಲ. ಉತ್ತರ ಹೇಳುವುದು ಮನೆ, ಒಬ್ಬೊಬ್ಬರೇ ಅಲ್ಲ.

ಮಂಗಳೂರಿನಲ್ಲಿ ವಿಚಾರವಾದಕ್ಕೆ ಗಟ್ಟಿಯಾದ ಪರಂಪರೆ ಇದೆ. ಕೆಎಂಸಿ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದ ನರೇಂದ್ರ ನಾಯಕರು ಊರೂರು ತಿರುಗಿ ಪವಾಡಗಳ ಗುಟ್ಟು ಬಿಚ್ಚಿ ತೋರಿಸಿದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿಯನ್ನೇ ಕಟ್ಟಿದರು. ನನ್ನೊಂದಿಗೆ ಮಾತಾಡಿದ ಯುವಕರಿಗೆ ಇವರ ಮೇಲೆ ಗೌರವ ಇದೆ. ಆದರೆ ಈ ಯುವಕರ ತಕರಾರು ವಿಭೂತಿ ಉದುರಿಸುವ ಬಾಬಾನ ಜೊತೆ ಅಲ್ಲ. ಮನೆಯ ದೇವರಕೋಣೆಯಲ್ಲಿ, ಅಮ್ಮನ ಎದುರಿಗೆ. ಅಲ್ಲಿ ಬಯಲು ಮಾಡಲಿಕ್ಕೆ ಮೋಸ ಯಾವುದೂ ಇಲ್ಲ.

ಮಾವ ‘ನೀನೇ ನಿಲ್ಲು’ ಎಂದ ಮೇಲೆ ಹುಡುಗನನ್ನು ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ಭೇಟಿಯಾದೆ. ಕೆಳಗೆ ಸ್ವರ್ಣಾ ನದಿ, ಸಂಜೆ ನಡೆಯಲು ಬಂದವರ ಗಲಾಟೆ. ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳದ ಜಾಗ ಎಂದು ಅವನೇ ಆರಿಸಿದ್ದು. ಬೇಡ ಎನ್ನುತ್ತಾನೆ, ಊರು ಬಿಟ್ಟು ಬೆಂಗಳೂರಿಗೆ ಹೋಗುವ ಮಾತಾಡುತ್ತಾನೆ ಎಂದುಕೊಂಡು ಹೋಗಿದ್ದೆ. ಅವನು ಬೇರೆಯೇ ಹೇಳಿದ.

‘ನಿಲ್ಲುವುದಕ್ಕೆ ನನಗೇನೂ ತೊಂದರೆ ಇಲ್ಲ ಮೇಡಂ. ಚಪ್ಪರ ಹಾಕಿಸುವುದು, ಅಡುಗೆಯವರಿಗೆ ಹೇಳುವುದು, ದೈವ ಕಟ್ಟುವವರಿಗೆ ವೀಳ್ಯ ಕೊಟ್ಟು ಬರುವುದು ಎಲ್ಲ ನಾನೇ ಮಾಡುದು ಈಗ್ಲೂ. ಗಂಧ ಕೊಟ್ರೆ ಕೈ ಒಡ್ತೇನೆ. ಚಿಕ್ಕಂದಿನಿಂದ ಒಡ್ಡಿದ ಕೈ. ಆದ್ರೆ ಅಲ್ಲಿ ಮಾತು ಕೊಡ್ಲಿಕ್ಕುಂಟು. ದೈವ ಕೇಳ್ತದೆ, ನಾವು ಎಲ್ಲರ ಎದುರು ಹೇಳ್ಬೇಕು. ನಾನು ನಂಬದವನಿಗೆ ನಾನು ಹೇಗೆ ಮಾತು ಕೊಡುದು?’

‘ಸುಮ್ಮನೆ ಹೇಳಿಬಿಡಬಹುದಲ್ಲ? ಯಾರಿಗೆ ಗೊತ್ತಾಗುತ್ತೆ?’ ಎಂದೆ.

‘ಹಾಗೆ ಹೇಳುದಾದ್ರೆ ನಂಬುದೇ ಸುಲಭ ಅಲ್ವಾ.’

ಕೆಲಸದ ಕಡೆ ಗೆಳೆಯನೊಬ್ಬ ಏನೋ ವಾದಕ್ಕೆ ‘ಹಾಗಾದ್ರೆ ದೈವದ ಮೇಲೆ ಆಣೆ ಹಾಕು’ ಎಂದಾಗ ಅವನು ಹಾಕಿರಲಿಲ್ಲವಂತೆ. ಒಳಗೊಳಗೇ ಭಯ ಇದೆ ಎಂದು ಗೆಳೆಯರು ನಕ್ಕರಂತೆ. ಭಯವೇ ಎಂದು ನಾನೂ ಕೇಳಿದೆ. ಬಹಳ ಹೊತ್ತು ಯೋಚಿಸಿ, ‘ಆಣೆ ಅಂದ್ರೆ ಅದು ಅಮ್ಮನ ವಸ್ತು. ನಾನು ಅದನ್ನು ಎತ್ತಿ ಆಟ ಆಡ್ಬಾರ್ದು’ ಎಂದ. ರಾತ್ರಿ ನಾಗಬನದ ಪಕ್ಕ ಹಾದುಹೋಗುವಾಗ ಮಾತ್ರ ಬೈಕಿನ ಹಾರ್ನ್ ಹೊಡೆಯುವುದಿಲ್ಲ, ಯಾಕೆಂದು ತನಗೂ ಹೇಳಲಿಕ್ಕಾಗುವುದಿಲ್ಲ ಎಂದೂ ಸೇರಿಸಿದ. ಅವನು ಮುಚ್ಚಿಡಲಿಲ್ಲ, ನಾನೂ ಅದನ್ನು ಹಿಡಿದು ‘ನೋಡು, ನೀನು ನಂಬುತ್ತೀಯ’ ಎನ್ನಲಿಲ್ಲ. ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಬ್ರೆಜಿಲ್, ಚೀನಾ, ಡೆನ್ಮಾರ್ಕ್, ಜಪಾನ್, ಅಮೆರಿಕ, ಬ್ರಿಟನ್ ದೇಶಗಳ ನಂಬದವರನ್ನು ಕುರಿತು ನಡೆದ ಅಧ್ಯಯನ 2019ರಲ್ಲಿ ಹೇಳಿದ್ದೂ ಇದನ್ನೇ: ದೇವರನ್ನು ಒಪ್ಪದವರೆಲ್ಲ ಕಣ್ಣಿಗೆ ಕಾಣದ್ದನ್ನೆಲ್ಲ ತಳ್ಳಿಹಾಕಿದವರಲ್ಲ, ಪೂರಾ ಭೌತವಾದಿಗಳು ಅವರಲ್ಲೂ ಅಲ್ಪಸಂಖ್ಯಾತರು. ಹಾರ್ನ್ ಹೊಡೆಯದ ಕೈಯನ್ನು ದೊಡ್ಡದು ಮಾಡಿ ಇಡೀ ಮನುಷ್ಯನನ್ನು ಆಸ್ತಿಕರ ಪಟ್ಟಿಗೆ ಸೇರಿಸುವುದು ನಂಬುವ ಸಂಶೋಧಕರಿಗೆ ಬಹಳ ಸುಲಭ. ಅದು ಅನ್ಯಾಯ ಎಂದು ನಾನು ತಿಳಿದಿದ್ದೇನೆ. ನನ್ನ ನಂಬಿಕೆಯಲ್ಲೂ ಸಂಶಯದ ಗಳಿಗೆಗಳಿವೆ. ಅವನ್ನು ಹೆಕ್ಕಿ ಯಾರಾದರೂ ನನ್ನನ್ನು ನಾಸ್ತಿಕಳೆಂದು ಬರೆದರೆ ನಾನು ಒಪ್ಪುವುದಿಲ್ಲ.

ಈ ಪ್ರಕರಣದ ಕಷ್ಟದ ಭಾಗ ಅಮ್ಮ.

ನೇಮಕ್ಕೆ ಸ್ವಲ್ಪ ಮೊದಲು ಹುಡುಗನೇ ಮನೆಗೆ ಕರೆದಿದ್ದ. ಅವನು ಅಂಗಳದಲ್ಲಿ ಬಾವಿಯ ಪಂಪು ನೋಡುತ್ತಿದ್ದ ಹೊತ್ತಿನಲ್ಲಿ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಕಾಯಿ ತುರಿಯುತ್ತಿದ್ದರು. ಕಡೆಯುವ ಕಲ್ಲಿನ ಪಕ್ಕ ಕುಚ್ಚಲಕ್ಕಿಯ ಗಂಜಿಯ ಪಾತ್ರೆ, ಗೋಡೆಯಲ್ಲಿ ಮುಂಬೈಯಲ್ಲಿರುವ ಮಗಳ ಮದುವೆಯ ಫೋಟೋ. ಮಗಳಿಗೆ ಏಳನೇ ತಿಂಗಳು.

‘ನೀವು ಮಠಕ್ಕೆ ಹೋಗುವವರು, ಏಕಾದಶಿ ಹಿಡಿಯುವವರು ಅಂತ ಅವನೇ ಹೇಳಿದ ಟೀಚರ್. ನನಗೆ ಎಷ್ಟು ಧೈರ್ಯ ಬಂತು ಗೊತ್ತುಂಟಾ? ನೀವು ಸ್ವಲ್ಪ ಬುದ್ಧಿ ಹೇಳಿ ಅವನಿಗೆ. ನಿಮ್ಮ ಮಾತು ಕೇಳ್ತಾನೆ. ಇಲ್ಲದಿದ್ರೆ ಅವನು ನಿಮ್ಮ ಹತ್ರ ಎಂತ ಹೇಳಿದ್ದಾನೆ ಅಂತ ಆದ್ರೂ ನನಗೆ ಹೇಳಿ.’

ಹಿಂದೊಮ್ಮೆ ಮನೆಯಲ್ಲಿ ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸಿದಾಗ, ದೈವದ ಕಾರ್ಯದಲ್ಲಿ ಲೋಪವಾದರೆ ಸಂತಾನಕ್ಕೆ ತೊಂದರೆ ಎಂದು ಬಂದಿತ್ತಂತೆ. ಮಗ ಮಾತು ಕೊಡದೆ ನಿಂತರೆ ಮುಂಬೈಯಲ್ಲಿರುವ ಮಗಳಿಗೆ ಏನಾದೀತೋ ಎಂಬುದು ಅವರ ಹೆದರಿಕೆ. ಹೇಳುತ್ತಲೇ ಅವರ ಕೈ ತುರಿಮಣೆಯ ಮೇಲೆ ನಿಂತಿತು. ಅವರ ಹೆದರಿಕೆಯನ್ನು ನಾನು ಮೌಢ್ಯ ಎಂದು ಬದಿಗಿಡಲಾರೆ. ನನ್ನ ಮಗುವಿನ ವಿಷಯದಲ್ಲಿ ನಾನೂ ಹೀಗೆಯೇ ಹೆದರಿದ್ದೇನೆ, ಹರಕೆ ಹೊತ್ತಿದ್ದೇನೆ.

ನಂಬುವವಳು ಎಂಬ ಒಂದೇ ಕಾರಣಕ್ಕೆ ಅಮ್ಮ ನನ್ನನ್ನು ತಮ್ಮ ಕಡೆಯವಳು ಎಂದುಕೊಂಡಿದ್ದರು. ಮಗ ನನ್ನೊಂದಿಗೆ ಮನಬಿಚ್ಚಿದ್ದು ಅದೇ ನಂಬಿಕೆಯ ಸಂಗತಿಯನ್ನು ನಾನು ಮುಚ್ಚಿಡಲಿಲ್ಲ ಎಂಬ ಕಾರಣಕ್ಕೆ. ಬುದ್ಧಿ ಹೇಳಿದರೆ ಅಧ್ಯಯನ ಮುಗಿಯಿತು. ಮಾತ್ರವಲ್ಲ, ಇನ್ನು ಯಾವ ಹಿರಿಯರ ಮುಂದೆಯೂ ಅವನು ಬಾಯಿ ಬಿಡಲಾರ. ಅವನ ಮಾತನ್ನು ಅಮ್ಮನಿಗೆ ದಾಟಿಸುವುದಂತೂ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರಕ್ಕೇ ದ್ರೋಹ. ನಾನು ಹೇಳಿದ್ದು ಇಷ್ಟು: ‘ಅಮ್ಮ, ಅವನು ನನ್ನ ಹತ್ತಿರ ಹೇಳಿದ್ದನ್ನು ನಾನು ಯಾರಿಗೂ ಹೇಳುವ ಹಾಗಿಲ್ಲ. ನೀವು ಈಗ ನನಗೆ ಹೇಳಿದ್ದನ್ನೂ ಅವನಿಗೆ ಹೇಳುವುದಿಲ್ಲ. ಆದರೆ ಮಗಳ ವಿಷಯದ ಈ ಹೆದರಿಕೆ ಅವನಿಗೆ ಗೊತ್ತುಂಟಾ? ನೀವೇ ಒಮ್ಮೆ ಹೇಳಿ ನೋಡಿ.’

ಅವರಿಗೆ ಸಮಾಧಾನವಾಗಲಿಲ್ಲ. ಬೆಲ್ಲದ ಜೊತೆ ನೀರು ಕೊಟ್ಟರು, ಮತ್ತೆ ಆ ಮಾತು ಎತ್ತಲಿಲ್ಲ. ಈ ಬರಹದಲ್ಲಿ ಆ ಸಂದರ್ಭವನ್ನು ಸೇರಿಸುವ ಮೊದಲು ಅವರ ಅನುಮತಿಯನ್ನೂ ಕೇಳಿ ಪಡೆದಿದ್ದೇನೆ.

ಇದರ ನಡುವೆ ಮಂಗಳೂರಿನಲ್ಲಿ ಭಾಗಿಗಳ ಗುಂಪು ಚರ್ಚೆಯೊಂದು ನಡೆಯಿತು. ಕೊಂಕಣಿ ಕ್ಯಾಥೊಲಿಕ್ ಮನೆಯ ಹುಡುಗಿಯೊಬ್ಬಳು ಅಲ್ಲಿದ್ದಳು. ಈ ಹುಡುಗ ತನ್ನ ಇಕ್ಕಟ್ಟನ್ನು ಹೇಳಿದಾಗ ಆಕೆಗೆ ಅದು ತಲೆಕೆಳಗಾಗಿ ಕಂಡಿತು. ಭಾನುವಾರದ ಪೂಜೆಯಲ್ಲಿ ವಿಶ್ವಾಸದ ಪ್ರಾರ್ಥನೆ ಬಂದಾಗ ಎಲ್ಲರೊಂದಿಗೆ ಎದ್ದು ನಿಂತು ಆಕೆಯೂ ಹೇಳುತ್ತಾಳೆ, ಬಾಯಿಪಾಠ ಬರುವ ಮಾತು, ಅದರಲ್ಲೇನಿದೆ ಎನ್ನುತ್ತಾಳೆ. ಕ್ರಿಸ್ತನ ಶರೀರವೆಂದು ಕೊಡುವ ಪರಮಪ್ರಸಾದಕ್ಕೆ ಸಾಲು ಹೊರಟಾಗ ಮಾತ್ರ ಬೆಂಚಿನಲ್ಲೇ ಕೂತುಬಿಡುತ್ತಾಳೆ. ಪಕ್ಕದಲ್ಲಿದ್ದವರು ಆಕೆಯ ಮೊಣಕಾಲು ದಾಟಿಕೊಂಡು ಹೋಗಬೇಕು, ಇಡೀ ಸಾಲಿಗೆ ಗೊತ್ತಾಗುತ್ತದೆ, ಮನೆಗೆ ಬಂದ ಮೇಲೆ ಅಮ್ಮ ಊಟ ಬಡಿಸುವಾಗ ಮಾತಾಡುವುದಿಲ್ಲ. ‘ನಿನಗೆ ಬಾಯಿ ಕಷ್ಟ, ನನಗೆ ಕೈ’ ಎಂದಳು. ಇನ್ನೊಬ್ಬ ಭಾಗಿಯೂ ಅಲ್ಲಿದ್ದ. ಅವನ ಬಗ್ಗೆ ಏನನ್ನೂ ಬರೆಯುವುದಿಲ್ಲ ಎಂಬುದು ನಮ್ಮೊಳಗಿನ ಒಪ್ಪಂದ.

ನಾನು ಕಲಿತದ್ದು ಈ ಇಬ್ಬರಿಂದ. ಇಬ್ಬರ ತಲೆಯೊಳಗಿನ ವಿಚಾರ ಕೇಳಿದರೆ ಒಂದೇ ಉತ್ತರ: ದೇವರ ವಿಷಯ ತಿಳಿಯದು. ಪ್ರಶ್ನಾವಳಿಯಲ್ಲಿ ಇಬ್ಬರೂ ಒಂದೇ ಮನೆಗೆ ಗುರುತು ಹಾಕಿದವರು. ಆದರೆ ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಲೇಬೇಕು ಎಂಬ ಗೆರೆ ಒಬ್ಬೊಬ್ಬರಿಗೆ ಒಂದೊಂದು ಕಡೆ. ಬಿಟ್ಟ ಧರ್ಮದ ಕಟ್ಟುನಿಟ್ಟೇ ಆ ಗೆರೆಯನ್ನೂ ಎಳೆಯುತ್ತದೆ. ದೈವದ ಚಾವಡಿಯಲ್ಲಿ ಮಾತೇ ಕಟ್ಟಳೆ. ಅದನ್ನು ಕೇಳಿ ಬೆಳೆದವನು ಸುಳ್ಳು ಮಾತು ಕೊಡಲಾರ. ಪ್ರಸಾದವೇ ಪರಮವೆಂದು ಕಲಿತು ಬೆಳೆದವಳು ನಂಬದೆ ಅದನ್ನು ನಾಲಿಗೆಯ ಮೇಲಿಟ್ಟುಕೊಳ್ಳಲಾರಳು. ಇವರ ಲೋಕದೃಷ್ಟಿ ತಿಳಿಯಬೇಕಾದರೆ ‘ನಂಬುತ್ತೀರಾ’ ಎಂದು ಕೇಳಿ ಪ್ರಯೋಜನವಿಲ್ಲ. ‘ಯಾವುದನ್ನು ಮಾಡುತ್ತೀರಿ, ಯಾವುದನ್ನು ಎಷ್ಟು ಒತ್ತಾಯ ಬಂದರೂ ಮಾಡುವುದಿಲ್ಲ’ ಎಂದು ಕೇಳಬೇಕು.

ನೇಮದ ರಾತ್ರಿ ನನ್ನನ್ನೂ ಕರೆದಿದ್ದರು. ಚಪ್ಪರದ ಒಂದು ಬದಿಯಲ್ಲಿ ಹೆಂಗಸರ ನಡುವೆ ಕೂತಿದ್ದೆ. ಹುಡುಗ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ ಓಡಾಡುತ್ತಿದ್ದ. ದೀಟಿಗೆಗೆ ಎಣ್ಣೆ ಇದೆಯೇ, ವಾದ್ಯದವರಿಗೆ ಕಾಫಿ ಆಯಿತೇ ಎಂದು ವಿಚಾರಿಸುವವನೂ ಅವನೇ. ದೈವದ ಕಥೆ ಹಾಡುವ ಪಾಡ್ದನ ಮುಗಿದು, ದೈವ ಕಟ್ಟುವವರು ಕಾಲಿಗೆ ಗಗ್ಗರ ಕಟ್ಟಿ, ಆವೇಶ ಬಂದು, ಅರ್ಧರಾತ್ರಿ ಕಳೆದ ಮೇಲೆ ದೈವ ಮನೆಯವರನ್ನು ಕರೆಯಿತು. ಹುಡುಗ ಮುಂದೆ ಬಂದ. ಅವನ ಪಕ್ಕದಲ್ಲಿ, ಒಂದು ಕೈ ಅವನ ಭುಜದ ಮೇಲಿಟ್ಟು ಊರುಗೋಲಿನಂತೆ ಆತುಕೊಂಡು, ಮಾವನೂ ಬಂದರು. ಗಂಧ ಪಡೆದದ್ದು ಹುಡುಗ, ಎರಡೂ ಕೈ ಜೋಡಿಸಿ ಒಡ್ಡಿ. ದೈವ ನುಡಿ ಕೊಟ್ಟು, ಕೇಳಬೇಕಾದ್ದನ್ನು ಕೇಳಿತು. ಉತ್ತರ ಹೇಳಿದವರು ಮಾವ. ತುಳುವಿನಲ್ಲಿ, ಗಟ್ಟಿ ಧ್ವನಿಯಲ್ಲಿ, ಯಾವ ತಡೆಯೂ ಇಲ್ಲದೆ. ದೈವ ಇಬ್ಬರಿಗೂ ಅಭಯ ಕೊಟ್ಟಿತು. ಅಮ್ಮ ನನ್ನಿಂದ ಎರಡು ಸಾಲು ಮುಂದೆ ಕೈ ಮುಗಿದುಕೊಂಡಿದ್ದರು.

ಮರುದಿನ ಗೊತ್ತಾಯಿತು, ಇದು ಅಲ್ಲೇ ಆದದ್ದಲ್ಲ. ಕೆಲವು ದಿನ ಮೊದಲು ಹುಡುಗ ಮಾವನ ಹತ್ತಿರ ಹೋಗಿ ಎಲ್ಲವನ್ನೂ ಬಿಚ್ಚಿ ಹೇಳಿದ್ದ. ಅವರು ಬೈಯಲಿಲ್ಲ. ‘ಮಾತು ನಾನು ಕೊಡ್ತೇನೆ. ನಡೆಸುವವ ನೀನಾದ್ರೆ ಆಯ್ತು’ ಎಂದರಂತೆ. ಮಾತು ಒಬ್ಬರದು, ಅದನ್ನು ಉಳಿಸುವ ದುಡಿಮೆ ಇನ್ನೊಬ್ಬನದು. ಯಾವ ಶಾಸ್ತ್ರದಲ್ಲೂ ಹುಡುಕದೆ ಆ ಮನೆ ಕಂಡುಕೊಂಡ ಏರ್ಪಾಡು ಇದು. ನಂಬುವವಳಾಗಿ ನನಗೆ ಇದರಲ್ಲಿ ದೊಡ್ಡ ಗೌರವ ಕಾಣುತ್ತದೆ: ದೈವಕ್ಕೆ ಹುಸಿ ಮಾತು ಕೊಡುವುದಿಲ್ಲ ಎಂದವನನ್ನು ಮಾವ ದೈವದ ಎದುರಿನಿಂದ ಆಚೆ ಕಳಿಸಲಿಲ್ಲ.

ನಂತರ ಮಾವನನ್ನು ಮಾತಾಡಿಸಲು ಹೋದಾಗ ಅವರು ಒಂದು ಪ್ರಶ್ನೆ ಹಾಕಿದರು. ‘ನಿಮ್ಮ ಪುಸ್ತಕದಲ್ಲಿ ಮೂವತ್ತು ವರ್ಷದವರೆಗೆ ಮಾತ್ರವಾ? ನಂಬಿಕೆ ಉಂಟಾ ಅಂತ ನನ್ನನ್ನು ಯಾರೂ ಕೇಳ್ಲೇ ಇಲ್ಲ. ನಲವತ್ತು ವರ್ಷದಿಂದ ನಿಲ್ಲಿಸಿದ್ರು, ನಿಂತೆ.’ ಉತ್ತರ ಏನು ಎಂದು ಕೇಳಿದೆ. ಅದನ್ನು ರೆಕಾರ್ಡರ್ ಆರಿಸಿ ಹೇಳಿದರು, ಆದ್ದರಿಂದ ಅದು ನನ್ನಲ್ಲೇ ಇರುತ್ತದೆ. ಆದರೆ ಅಪನಂಬಿಕೆಯನ್ನು ಯುವಜನರ ವಿಷಯ ಎಂದು ವಯಸ್ಸಿನ ಬೇಲಿ ಹಾಕಿ ಅಧ್ಯಯನ ಮಾಡುವುದು ಎಷ್ಟು ಸರಿ ಎಂಬ ಪ್ರಶ್ನೆಯನ್ನು ನನ್ನ ಮಾರ್ಗದರ್ಶಕರ ಮುಂದಿಟ್ಟಿದ್ದೇನೆ. ಅವರು ಒಪ್ಪಿದರೆ ಮುಂದಿನ ಹಂತದಲ್ಲಿ ಪ್ರತಿ ಮನೆಯಿಂದ ಹಿರಿಯರೊಬ್ಬರನ್ನೂ ಸೇರಿಸುತ್ತೇನೆ.

ಹುಡುಗನ ಪ್ರಶ್ನೆ ತೀರಿಲ್ಲ. ಮಾವ ಇಲ್ಲದ ವರ್ಷ ಮಾತು ಯಾರು ಕೊಡುವುದು? ದೊಡ್ಡಮ್ಮನ ಮಗ ಮಸ್ಕತ್ತಿನಲ್ಲಿದ್ದಾನೆ, ಅವನು ನಂಬುವವನು, ರಜೆ ಹಾಕಿ ಬರಬೇಕು. ಅವನನ್ನು ಒಪ್ಪಿಸುವ ಕೆಲಸ ಹುಡುಗನೇ ಹಚ್ಚಿಕೊಂಡಿದ್ದಾನೆ. ಮುಂಬೈಯಲ್ಲಿ ಅಕ್ಕನಿಗೆ ಹೆರಿಗೆಯಾಗಿದೆ, ತಾಯಿ ಮಗು ಆರೋಗ್ಯವಾಗಿದ್ದಾರೆ. ಅಮ್ಮ ಅದನ್ನು ದೈವದ ಕೃಪೆ ಎನ್ನುತ್ತಾರೆ, ಹುಡುಗ ಏನೂ ಹೇಳುವುದಿಲ್ಲ. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಅವನೇ ಟಿಕೆಟ್ ಮಾಡಿಸಿ ಅಮ್ಮನನ್ನು ಕಳಿಸಿದ.

ಪ್ರಶ್ನಾವಳಿಯ ಮೊದಲ ಪುಟವನ್ನು ತೆಗೆದುಹಾಕಿದ್ದೇನೆ. ಮಂಗಳೂರಿನ ಹುಡುಗಿ ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಕ್ಯಾಥೊಲಿಕರ ತೆನೆ ಹಬ್ಬಕ್ಕೆ, ಮನೆಗೆ ಕರೆದಿದ್ದಾಳೆ. ಹೊಸ ತೆನೆ ಬೆರೆಸಿದ ಊಟಕ್ಕೆ ಕೂರುವುದನ್ನು ಆಕೆ ಒಂದು ವರ್ಷವೂ ತಪ್ಪಿಸಿಲ್ಲವಂತೆ. ಪ್ರಸಾದದ ಸಾಲಿಗೆ ಹೋಗದವಳು ಆ ಎಲೆಯ ಮುಂದೆ ಯಾಕೆ ಕೂರುತ್ತಾಳೆ ಎಂಬುದರಿಂದ ಅಲ್ಲಿಯ ಮಾತು ಶುರುಮಾಡಬೇಕು.